ಮೂರನೇ ಚರಣ

ಆಗಸ್ಟ್ ೪, ಸೋಮವಾರ

ಇವತ್ತೂ ಬಕೆಟ್ ಮರೆತೆ. ಬಾತ್‌ರೂಮಿನ ಸಾಲಿನಲ್ಲಿ ಕಾಲು ಗಂಟೆ ನಿಂತು, ಸರದಿ ಬಂದಾಗ ನೋಡಿಕೊಂಡರೆ ಕೈಯಲ್ಲಿ ಸೋಪಿನ ಡಬ್ಬಿ ಮಾತ್ರ. ವಾಪಸ್ ರೂಮಿಗೆ. ಬಂದು ಮತ್ತೆ ಸಾಲಿನ ಬಾಲಕ್ಕೆ. ಫಸ್ಟ್ ಅವರ್‌ಗೆ ಹತ್ತು ನಿಮಿಷ ಲೇಟ್. ಸ್ವೆಟರ್ ಮೇಡಂ ಏನೂ ಅನ್ನಲಿಲ್ಲ. ಬೈದರೆ ಬೈಸಿಕೊಂಡು ಹಗುರಾಗಬಹುದು. ಸುಮ್ಮನೆ ನೋಡಿ ಬಿಟ್ಟರೆ ಇಡೀ ದಿನ ಆ ಹತ್ತು ನಿಮಿಷವನ್ನು ಹೊತ್ತು ತಿರುಗಬೇಕು.

ಆಧುನಿಕ ಸಾಹಿತ್ಯದ ಪೇಪರ್ ಅವರದು. ಸೆಕೆ ಇರಲಿ ಬಿಡಲಿ, ಬೂದು ಸ್ವೆಟರ್. ಈ ಡೈರಿ ಬರೆಸುತ್ತಿರುವವರೂ ಅವರೇ. ಮೊದಲ ವಾರ ನನ್ನ ಆನ್ಸರ್ ಶೀಟ್ ನೋಡಿ, ಅರ್ಧ ವಾಕ್ಯ ಕನ್ನಡ ಅರ್ಧ ಇಂಗ್ಲಿಷ್ ಎಂದು ಗುರುತು ಹಾಕಿ, ಒಂದು ವರ್ಷ ಯಾರೂ ಓದದ ಕನ್ನಡ ಬರೆ ಎಂದರು. ಯಾರೂ ಓದುವುದಿಲ್ಲ ಎಂದರೆ ತಪ್ಪೂ ಇಲ್ಲವಂತೆ. ನನಗೆ ಆ ಲಾಜಿಕ್ ಇಷ್ಟವಾಯಿತು.

ಇವತ್ತು ಸೆಮಿನಾರ್ ಘೋಷಣೆ. ಒಂದು ಜನಪ್ರಿಯ ಹಾಡು ತಗೊಳ್ಳಬೇಕು. ಬೇರೆ ದೇಶದ, ಬೇರೆ ಭಾಷೆಯ ಒಂದು ಆಧುನಿಕ ಕವಿತೆ ತಗೊಳ್ಳಬೇಕು. ಎರಡರ ನಡುವೆ ಏನು ಸಂಬಂಧ ಎಂದು ಇಪ್ಪತ್ತು ನಿಮಿಷ ಮಾತಾಡಬೇಕು. ನಲವತ್ತು ಮಾರ್ಕು.

“ಇದು ಅದರ ಥರ ಇದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ನನಗೆ ದಾರಿ ಬೇಕು. ಪುಸ್ತಕದಿಂದ ಹಾಡಿಗೆ ಯಾರ ಕೈಯಿಂದ ಯಾರ ಕೈಗೆ ಹೋಯ್ತು — ಅದು.”

ಆಮೇಲೆ ಒಬ್ಬೊಬ್ಬರನ್ನೇ, ಮನೆಯಲ್ಲಿ ಏನು ಹಾಡು ಕೇಳುತ್ತೀರಿ ಎಂದು ಕೇಳುತ್ತಾ ಬಂದರು. ಹೆಡ್‌ಫೋನ್ ಎದ್ದು ನಿಂತು, ಅಜ್ಜಿಯ ಹತ್ತಿರ ಆರುನೂರು ರೆಕಾರ್ಡ್ ಇವೆ ಎಂದ. ಕುತ್ತಿಗೆಗೆ ಸದಾ ಹೆಡ್‌ಫೋನ್ ನೇತುಹಾಕಿಕೊಳ್ಳುವ ಹುಡುಗ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಅವನ ನಂತರ ನಾನು. ನಮ್ಮ ತಂದೆ ಸೌಂಡ್ ಲೈನ್‌ನಲ್ಲಿದ್ದಾರೆ ಎಂದೆ. “ಸ್ಟುಡಿಯೋನಾ?” ಎಂದು ಯಾರೋ. ತಲೆ ಅಲ್ಲಾಡಿಸಿದೆ — ಹೌದೂ ಅಲ್ಲ, ಇಲ್ಲವೂ ಅಲ್ಲ, ಫ್ಯಾನಿನ ಹಾಗೆ.

ಅಪ್ಪ ಕರೆಂಟ್ ಮೀಟರ್ ರೀಡರ್. ವಾರವಿಡೀ ಮನೆಮನೆಗೆ ಹೋಗಿ ಮೀಟರ್ ನೋಡುತ್ತಾನೆ. ಶನಿವಾರ ಭಾನುವಾರ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ, ಮಿರಮಿರ ಮಿಂಚುವ ನೀಲಿ ಕೋಟು ಹಾಕಿಕೊಂಡು. ಮದುವೆ, ಫ್ಯಾಕ್ಟರಿ ವಾರ್ಷಿಕೋತ್ಸವ, ಯಾರದೋ ರಿಟೈರ್‌ಮೆಂಟ್.

ಸೌಂಡ್ ಲೈನೇ ತಾನೇ. ಸುಳ್ಳೇನಲ್ಲ.

ಆಗಸ್ಟ್ ೬, ಬುಧವಾರ. ಬೆಳಗ್ಗೆ ೬.೪೦

ಇಂಚುಪಟ್ಟಿ ಎದ್ದಿಲ್ಲ. ರೂಮ್‌ಮೇಟ್. ಕಟ್ಟಡ ವಿಭಾಗದವಳು, ಬ್ಯಾಗಿನಲ್ಲಿ ಸ್ಕೇಲ್ ಇಲ್ಲದೆ ಊಟಕ್ಕೂ ಬರುವುದಿಲ್ಲ. ಬಂದ ದಿನವೇ ರೂಮು ಅಳೆದು, ನಡುವೆ ಸೀಮೆಸುಣ್ಣದ ಗೆರೆ ಎಳೆದಳು. ನನ್ನ ಕಡೆ ಎರಡು ಇಂಚು ಜಾಸ್ತಿ ಬಂತು. ಕಿಟಕಿ ನಿನ್ನ ಕಡೆ ಇಲ್ಲ, ಅದಕ್ಕೆ ಪರಿಹಾರ, ಎಂದಳು. ಒಳ್ಳೆಯವಳು.

ಸೆಮಿನಾರ್ ೨೨ಕ್ಕೆ. ಹಾಡು ಹೊಳೆಯುತ್ತಿಲ್ಲ. ಎಲ್ಲರೂ ಇಂಗ್ಲಿಷ್ ಬ್ಯಾಂಡುಗಳ ಹೆಸರು ಹೇಳುತ್ತಿದ್ದಾರೆ, ನನಗೂ ಗೊತ್ತಿರುವವರಂತೆ ನಗುತ್ತಿದ್ದೇನೆ. ಹಾಸ್ಟೆಲ್ ಸ್ಕೂಲಿನಲ್ಲಿ ಎಂಟು ವರ್ಷ ರೇಡಿಯೋ ಇರಲಿಲ್ಲ, ಫೋನ್ ಇರಲಿಲ್ಲ. ನನಗೆ ಪೂರ್ತಿ ಬರುವುದು ಒಂದೇ ಹಾಡು.

ಆಗಸ್ಟ್ ೧೦, ಭಾನುವಾರ. ಸಂಜೆ ೫.೧೦

ಅಪ್ಪನ ಫೋನ್. ಐದಕ್ಕೆ ಸರಿಯಾಗಿ. ಈಗ ನನ್ನ ಕೈಯಲ್ಲೇ ಮೊಬೈಲ್ ಇದೆ, ಯಾವಾಗ ಬೇಕಾದರೂ ಮಾಡಬಹುದು. ಆದರೂ ಭಾನುವಾರ ಐದು. ಐದೂ ಐದಕ್ಕೆ ಕಟ್. ಹಳೇ ಹಾಸ್ಟೆಲಿನ ನಿಯಮ ಅವನ ಮೈಗೆ ಅಂಟಿಬಿಟ್ಟಿದೆ.

ಐದನೇ ಕ್ಲಾಸಿಗೆ ಹಾಸ್ಟೆಲಿಗೆ ಹಾಕಿದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ಶಿಫ್ಟ್ ಡ್ಯೂಟಿ, ಅಪ್ಪನಿಗೆ ಪ್ರೋಗ್ರಾಂ, ಮನೆಯಲ್ಲಿ ನಾನು ಮತ್ತು ಬೀಗ. ವಾರ್ಡನ್ ಆಂಟಿಯ ರೂಮಿನಲ್ಲಿ ಒಂದೇ ಫೋನು. ಒಬ್ಬೊಬ್ಬರಿಗೆ ಐದು ನಿಮಿಷ. ಆಂಟಿ ವಾಚು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಹಿಂದೆ ಹನ್ನೊಂದು ಹುಡುಗಿಯರ ಸಾಲು. ಅಷ್ಟು ಜನರ ಮುಂದೆ ಏನು ಮಾತಾಡುವುದು? ಅಪ್ಪನಿಗಂತೂ ಮೊದಲೇ ಮಾತು ಬರುವುದಿಲ್ಲ. ಊಟ ಆಯ್ತಾ, ಆಯ್ತು. ಮುಗಿಯಿತು. ಆಮೇಲೆ ಹಾಡು.

ಬೀದಿ ದೀಪದ ಹಾಡು. ನಲವತ್ತು ವರ್ಷ ಹಳೆಯದು, ಎಲ್ಲರಿಗೂ ಗೊತ್ತು. ಟ್ಯೂನು ಯಾವುದೋ ಪರದೇಶದ ಡ್ಯಾನ್ಸ್ ಹಾಡಿನದು ಎನ್ನುತ್ತಾರೆ. ಮೊದಲ ಚರಣದಲ್ಲಿ ದೀಪ ಹೊತ್ತುತ್ತದೆ, ಎರಡನೆಯದರಲ್ಲಿ ಅವಳು ಬರುವುದಿಲ್ಲ. ಮೂರನೆಯದು ನನಗೆ ಇಷ್ಟ:

ಏಳು ಎಣಿಸು, ಕಣ್ಣು ಮುಚ್ಚದೆ ಎಣಿಸು,
ಕತ್ತಲಾಚೆ ತಿರುಗುತಿರುವೆ ನಾನು;
ಏಳನೆಯದು ತುಟಿಗೆ ಬರುವ ಮುನ್ನ
ನಿನ್ನ ಕಿಟಕಿ ಮುಟ್ಟುವೆನು ನಾನು.

‘ನಾನು’ ಮುಗಿಯುತ್ತಿದ್ದ ಹಾಗೇ ಆಂಟಿ “ಟೈಮ್” ಎನ್ನುತ್ತಿದ್ದರು. ಪ್ರತಿ ವಾರ. ಎಂಟು ವರ್ಷ. ಹಾಡು ಐದು ನಿಮಿಷಕ್ಕೇ ಹೊಲಿಸಿದ ಹಾಗಿತ್ತು.

ಇವತ್ತೂ ಹಾಡಿದ. ಇಂಚುಪಟ್ಟಿ ಇದ್ದಳು, ಕಿವಿಗೆ ಒತ್ತಿ ಹಿಡಿದುಕೊಂಡೆ.

ಆಗಸ್ಟ್ ೧೩, ಬುಧವಾರ. ಮಧ್ಯಾಹ್ನ, ಲೈಬ್ರರಿ

ಊಟದ ಬೆಲ್ ಆಯಿತು, ಹೋಗಿಲ್ಲ. ಇದನ್ನು ಮೊದಲು ಬರೆಯಬೇಕು.

ಮೇಡಂ ಕೊಟ್ಟ ಪಟ್ಟಿಯಲ್ಲಿ ಒಂದು ಅನುವಾದ ಸಂಕಲನ. ಕಡಲ ದೇಶವೊಂದರ ಕವಿತೆಗಳು. ಸುಮ್ಮನೆ ತಿರುವಿದೆ. ಐವತ್ತೊಂದನೇ ಪುಟ. ದೀಪಸ್ತಂಭದ ಕಾವಲುಗಾರ ಮಾತಾಡುವ ಕವಿತೆ. ‘ಹನ್ನೆರಡು ಎಣಿಸುವಷ್ಟರಲ್ಲಿ ನನ್ನ ಬೆಳಕು ಒಂದು ಸುತ್ತು ಬರುತ್ತದೆ. ದಡದಲ್ಲಿರುವವಳೇ, ಅದು ನಿನ್ನ ಕಿಟಕಿ ಮುಟ್ಟಿದಾಗ ಪುಟ ತಿರುಗಿಸು.’

ಎಣಿಸು. ಸುತ್ತು. ಕಿಟಕಿ. ಮುಟ್ಟು.

ಅಪ್ಪನ ಹಾಡಿನ ಮೂರನೇ ಚರಣ! ಬೀದಿ ದೀಪದ ಹಾಡಿನಲ್ಲಿ ದೀಪ ತಿರುಗುವುದೇಕೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಬೀದಿ ದೀಪ ಎಲ್ಲಾದರೂ ತಿರುಗುತ್ತದೆಯೇ? ಈ ಕವಿತೆ ಓದಿಯೇ ಬರೆದಿರಬೇಕು. ಸಿಕ್ಕಿತು, ದಾರಿ ಸಿಕ್ಕಿತು.

ಹನ್ನೆರಡು ಮಾತ್ರ ಏಳಾಗಿದೆ. ಯಾಕೋ?

ಆಗಸ್ಟ್ ೧೭, ಭಾನುವಾರ

ಹದಿನಾಲ್ಕು ಪುಟ ಆಯಿತು. ಏಳು ಯಾಕೆ ಎಂಬುದಕ್ಕೇ ಮೂರು ಪುಟ. ಸಪ್ತಸ್ವರ, ಸಪ್ತಸಾಗರ, ಕಾಮನಬಿಲ್ಲು. ಗಣಿತದ ಸಂಖ್ಯೆ ಸಂಗೀತದ ಸಂಖ್ಯೆಯಾಗಿ ರೂಪಾಂತರ ಹೊಂದುವ ಪ್ರಕ್ರಿಯೆ — ಈ ವಾಕ್ಯ ನಾನೇ ಬರೆದೆ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಕಾವಲುಗಾರನನ್ನು ವಿರಹಿ ಪ್ರೇಮಿ ಎಂದು ಕರೆದಿದ್ದೇನೆ.

ಐದಕ್ಕೆ ಅಪ್ಪ. ಬರೆಯುತ್ತಿದ್ದೇನೆ ಎಂದೆ. “ಸರಿ ಸರಿ, ಓದ್ಕೋ, ನಾನೇನು ಇಲ್ಲೇ ಇರ್ತೀನಿ” ಎಂದು ಇಟ್ಟುಬಿಟ್ಟ. ಒಂದೂವರೆ ನಿಮಿಷ. ಮೊದಲ ಚರಣವೂ ಆಗಲಿಲ್ಲ.

ಆಗಸ್ಟ್ ೨೨, ಶುಕ್ರವಾರ

ಬರೆಯುತ್ತೇನೆ. ಬರೆದರೆ ಹಗುರಾಗಬಹುದು.

ಹದಿನೈದು ನಿಮಿಷ ಚೆನ್ನಾಗಿ ಹೋಯಿತು. ಕವಿತೆ ಓದಿದೆ, ಚರಣ ಓದಿದೆ. ಸಪ್ತಸಾಗರದಲ್ಲಿದ್ದಾಗ ಹೆಡ್‌ಫೋನ್ ಕೈ ಎತ್ತಿದ. ಕೆಟ್ಟ ಉದ್ದೇಶವೇನಿಲ್ಲ ಅವನಿಗೆ, ಮುಖವೇ ಹೇಳುತ್ತಿತ್ತು, ನಿಜವಾಗಿ ಗೊಂದಲ.

“ಆ ಹಾಡಿಗೆ ಎರಡೇ ಚರಣ ಅಲ್ವಾ?”

ಮೂರು ಎಂದೆ. ಅಜ್ಜಿ ಹತ್ತಿರ ರೆಕಾರ್ಡ್ ಇದೆ, ಎರಡೇ ಎಂದ. ಮೂರೇ, ನನಗೆ ಬಾಯಿಗೆ ಬರುತ್ತೆ ಎಂದೆ. ಹಿಂದಿನ ಬೆಂಚಿನವರು ಆಗಲೇ ಮೊಬೈಲ್ ತೆಗೆದಿದ್ದರು. ಒಂದು ಕಡೆ ಹುಡುಕಿದರು, ಎರಡು ಕಡೆ ಹುಡುಕಿದರು. ಎಲ್ಲ ಕಡೆ ಎರಡು.

ಆಮೇಲೆ ಮೇಡಂ ನನ್ನ ಕೈಯಲ್ಲಿದ್ದ ಸಂಕಲನ ತೆಗೆದುಕೊಂಡು ಮೊದಲ ಪುಟ ನೋಡಿದರು. ಅನುವಾದ ಬಂದು ಹತ್ತು ವರ್ಷ. ಹಾಡು ಬಂದು ನಲವತ್ತು. ಮೂವತ್ತು ವರ್ಷ ಆದ ಮೇಲೆ ಬರುವ ಪುಸ್ತಕವನ್ನು ಹಾಡು ಬರೆದವರು ಹೇಗೆ ಓದಿದರು, ಎಂದು ಕೇಳಿದರು. ಮೆತ್ತಗೇ ಕೇಳಿದರು. ಇಷ್ಟು ಸುಲಭದ ಲೆಕ್ಕ ನನಗೆ ಹೊಳೆದಿರಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಕರೆದರು. ಆ ನಾಲ್ಕು ಸಾಲು ನೀನೇ ಬರೆದು ಹಾಡಿಗೆ ಸೇರಿಸಿದೆಯಾ ಎಂದರು. ಇಲ್ಲ ಎಂದೆ. ನನಗೇ ನಂಬಿಕೆ ಬರದಂಥ ದನಿ.

“ಹಾಗಾದ್ರೆ ಯಾರು ಬರೆದದ್ದು ಅಂತ ತಗೊಂಡು ಬಾ. ಮೂರು ವಾರ ಟೈಮ್. ತರಲಿಲ್ಲ ಅಂದ್ರೆ ಇದು ಸುಳ್ಳು ಆಧಾರ ಅಂತಾನೇ ನಾನು ಬರೀಬೇಕಾಗತ್ತೆ. ಸೊನ್ನೆ ಕೊಡೋದು ನನಗೂ ಇಷ್ಟ ಇಲ್ಲ ಕಣಮ್ಮ.”

‘ಕಣಮ್ಮ’ ಎಂದದ್ದಕ್ಕೇ ಅಳು ಬಂತು.

ಆಗಸ್ಟ್ ೨೩

ಏನೂ ಇಲ್ಲ.

ಆಗಸ್ಟ್ ೨೪, ಭಾನುವಾರ. ೫.೨೦

ತೆಗೆಯಲಿಲ್ಲ. ಎರಡು ಮಿಸ್ಡ್ ಕಾಲ್. ಅಪ್ಪ ಎರಡು ಸಲ ಮಾಡುವವನಲ್ಲ.

ಸೆಪ್ಟೆಂಬರ್ ೩, ಬುಧವಾರ

ಹತ್ತು ದಿನ ಡೈರಿ ಮುಟ್ಟಲಿಲ್ಲ. ಮೊನ್ನೆಯ ಭಾನುವಾರವೂ ಫೋನ್ ತೆಗೆಯಲಿಲ್ಲ, ಜ್ವರ ಎಂದು ಮೆಸೇಜ್ ಹಾಕಿದೆ. ಅಮ್ಮ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ಆರು ಮೆಸೇಜ್ ಕಳಿಸಿದಳು. ನರ್ಸ್ ಮಗಳು ಜ್ವರದ ಸುಳ್ಳು ಹೇಳಬಾರದು.

ಇವತ್ತು ಹೆಡ್‌ಫೋನ್ ಅಜ್ಜಿಯ ರೆಕಾರ್ಡನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಭಾಷಾ ಲ್ಯಾಬಿನಲ್ಲಿ ಪ್ಲೇಯರ್ ಇದೆ. ಇಬ್ಬರೂ ಕೂತು ಕೇಳಿದೆವು. ಒಂದು, ಎರಡು. ಪಿಟೀಲು. ಮುಗಿಯಿತು. ಸೂಜಿ ಸುಮ್ಮನೆ ಕರಕರ ಎನ್ನುತ್ತಾ ತಿರುಗುತ್ತಿತ್ತು. ಮೂರೂವರೆ ನಿಮಿಷ, ಅಷ್ಟೇ.

ನನ್ನಿಂದ ಆಯ್ತು, ಸಾರಿ, ಎಂದ. ನಿನ್ನಿಂದ ಅಲ್ಲ ಎಂದೆ. ರೆಕಾರ್ಡನ್ನು ಮಗುವನ್ನು ಹೊದೆಸುವ ಹಾಗೆ ಟವೆಲಿನಲ್ಲಿ ಸುತ್ತುತ್ತಾ ಹೇಳಿದ — ಅವನ ಅಜ್ಜಿ ಹೇಳುತ್ತಾರಂತೆ, ಆರ್ಕೆಸ್ಟ್ರಾದವರು ಕೆಲವರು ತಾವೇ ಚರಣ ಸೇರಿಸಿ ಹಾಡುತ್ತಾರಂತೆ. “ನೀನು ಯಾರ್ ಬಾಯಲ್ಲಿ ಕೇಳಿದ್ದು ಅದನ್ನ?”

ಉತ್ತರ ಗೊತ್ತಿತ್ತು. ಆಗಲೇ, ಸೂಜಿ ಕರಕರ ಎನ್ನುವಾಗಲೇ ಗೊತ್ತಾಗಿಹೋಗಿತ್ತು. ನೆನಪಿಲ್ಲ ಎಂದೆ.

ಹೆಸರು ಹೇಳಿದರೆ ಸೊನ್ನೆ ತಪ್ಪುತ್ತದೆ. ಆದರೆ ಸ್ಟುಡಿಯೋ ಹೋಗುತ್ತದೆ, ನೀಲಿ ಕೋಟು ಬರುತ್ತದೆ.

ಇಷ್ಟು ಬರೆದು ಓದಿಕೊಂಡೆ. ನನ್ನ ಬಗ್ಗೆ ನನಗೇ ಬೇಜಾರಾಯಿತು. ಶನಿವಾರ ಮನೆಗೆ.

ಸೆಪ್ಟೆಂಬರ್ ೬, ಶನಿವಾರ. ಮನೆ

ಬಾಗಿಲು ತೆಗೆದಾಗ ಅಪ್ಪ ಕೋಟಿಗೆ ಇಸ್ತ್ರಿ ಮಾಡುತ್ತಿದ್ದ. ಮಿಂಚುವ ಬಟ್ಟೆಗೆ ನೇರ ಇಸ್ತ್ರಿ ಹಾಕಬಾರದು, ಮೇಲೆ ಒದ್ದೆ ಬಟ್ಟೆ ಹಾಸಬೇಕು. ಹಾಸಿದ್ದ. ನನ್ನ ಹಣೆ ಮುಟ್ಟಿ ನೋಡಿದ. ಜ್ವರ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಪಾಪ, ಬಿಟ್ಟುಬಿಟ್ಟ.

ಕೂತು ಎಲ್ಲ ಹೇಳಿದೆ. ಸೆಮಿನಾರ್, ರೆಕಾರ್ಡು, ಸೊನ್ನೆ. ಅಪ್ಪನ ಮುಖ ಚಿಕ್ಕದಾಗುತ್ತಾ ಹೋಯಿತು. ಮೀಟರ್ ತಪ್ಪು ಓದಿ ಯಾರ ಮನೆಗೋ ಭಾರೀ ಬಿಲ್ಲು ಹೋದಾಗ ಹೀಗೇ ಕೂತಿದ್ದ, ನನಗೆ ನೆನಪಿದೆ.

“ಹಾಡು ಕೆಡಿಸಿದ್ದು ಸಾಲ್ದು ಅಂತ ನಿನ್ನ ಮಾರ್ಕೂ ಕೆಡಿಸಿದ್ನಲ್ಲ” ಎಂದ.

ಆಮೇಲೆ ನಿಧಾನಕ್ಕೆ, ಇಸ್ತ್ರಿಯ ಪ್ಲಗ್ ತೆಗೆದು ವೈರು ಸುತ್ತುತ್ತಾ ಸುತ್ತುತ್ತಾ ಹೇಳಿದ. ಆರ್ಕೆಸ್ಟ್ರಾದಲ್ಲಿ ಇದು ಮಾಮೂಲು. ಹಾಡು ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ, ಕುಣಿಯುವವರು ನಿಲ್ಲಿಸುವುದಿಲ್ಲ. ಅದನ್ನೇ ಮತ್ತೆ ಹಾಡಿದರೆ ಜನ ಕೂಗುತ್ತಾರೆ. ಅದಕ್ಕೆ ಯಾರಾದರೂ ಒಂದು ಚರಣ ಕಟ್ಟಿಕೊಂಡಿರಬೇಕು. ತಂಡದಲ್ಲಿ ಆ ಕೆಲಸ ಇವನದು. ಆದರೆ ಈ ಚರಣ ಸ್ಟೇಜಿಗೆ ಕಟ್ಟಿದ್ದಲ್ಲ. ಸ್ಟೇಜಿನಲ್ಲಿ ಒಂದು ಸಲವೂ ಹಾಡಿಲ್ಲ.

ಮತ್ತೆ?

ಮೊದಲ ಭಾನುವಾರ ನಾನು ಫೋನಿನಲ್ಲಿ ಅತ್ತೆನಂತೆ. ಮಾತಾಡಿದರೆ ಇನ್ನೂ ಅತ್ತೆನಂತೆ. ಅದಕ್ಕೆ ಹಾಡಿದ. ಹಾಡುವಷ್ಟು ಹೊತ್ತು ಸುಮ್ಮನಿದ್ದೆ. ಆದರೆ ಎರಡು ಚರಣ ಮುಗಿದರೂ ಆ ಆಂಟಿಯ ಐದು ನಿಮಿಷದಲ್ಲಿ ಇನ್ನೂ ಒಂದು ನಿಮಿಷ ಉಳಿಯುತ್ತಿತ್ತು. ಆ ಒಂದು ನಿಮಿಷದಲ್ಲಿ ಮತ್ತೆ ಶುರು.

“ಎರಡ್ ವಾರ ನೋಡ್ದೆ. ಆಮೇಲೆ ನಿಮ್ಮತ್ತೆ ಹತ್ರ ಹೋದೆ. ಅಕ್ಕಾ, ಒಂದು ನಿಮಿಷಕ್ಕಾಗೋ ಅಷ್ಟು ಏನಾದ್ರೂ ಕೊಡೇ ಅಂತ.”

ಅತ್ತೆ, ಅಂದರೆ ಅಪ್ಪನ ಅಕ್ಕ, ಎದುರು ಬೀದಿಯ ಸಾರ್ವಜನಿಕ ಲೈಬ್ರರಿಯಲ್ಲಿ ಕೌಂಟರಿನವಳು. ಫೋನ್ ಮಾಡಿದರೆ ಹತ್ತು ನಿಮಿಷಕ್ಕೆ ಚಪ್ಪಲಿ ಟಪಟಪ ಎನ್ನಿಸುತ್ತಾ ಬಂದಳು. ವಿಷಯ ಕೇಳಿ ಅಪ್ಪನನ್ನೇ ಬೈದಳು. “ಸುಮ್ನೆ ಯಾಕೋ ಕಳ್ಳ ಸಿಕ್ಕಿಬಿದ್ದ ಹಾಗೆ ಕೂತಿದ್ದೀಯ? ಕವಿತೆ ಹುಡುಕಿ ಕೊಟ್ಟೋಳು ನಾನು. ಜೈಲು ಅಂತಾದ್ರೆ ಇಬ್ರಿಗೂ.” ನನ್ನ ಕಡೆ ತಿರುಗಿ, “ನೀನು ಪುಸ್ತಕದ ಹಿಂದಿನ ಟಿಪ್ಪಣಿ ಓದಿದ್ಯೇನೇ?”

ಓದಿಲ್ಲ.

“ಅದಕ್ಕೇ ಸೊನ್ನೆ.”

ಏಳು ಎಲ್ಲಿಂದ ಬಂತು ಎಂದು ಕೊನೆಗೆ ಅಪ್ಪನನ್ನು ಕೇಳಿದೆ. ಪುಸ್ತಕದಲ್ಲಿ ಹನ್ನೆರಡಿದೆಯಲ್ಲ. ಸಪ್ತಸ್ವರವಾ? ಹೆದರಿ ಹೆದರಿ ಕೇಳಿದೆ, ಮೂರು ಪುಟ ಬರೆದಿದ್ದೇನೆ.

ಅಪ್ಪ ನನ್ನ ಮುಖ ನೋಡಿದ, ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು.

“ಭಾನುವಾರದಿಂದ ಭಾನುವಾರಕ್ಕೆ ಎಷ್ಟೇ?”

ಸೆಪ್ಟೆಂಬರ್ ೭, ಭಾನುವಾರ. ಬೆಳಗ್ಗೆ ೧೧, ಅತ್ತೆಯ ಲೈಬ್ರರಿ

ರಜಾ ದಿನ. ಅತ್ತೆ ನನಗೋಸ್ಕರ ಹಿಂದಿನ ಬಾಗಿಲು ತೆಗೆದಿದ್ದಾಳೆ. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಮೀಟರ್ ಓಡಿ ತಮ್ಮನಿಗೇ ಗೊತ್ತಾಗುತ್ತದೆ ಎನ್ನುತ್ತಾಳೆ.

ಅದೇ ಸಂಕಲನ. ಇಲ್ಲಿಯದು ಬೈಂಡ್ ಬಿಟ್ಟಿದೆ, ಐವತ್ತೊಂದನೇ ಪುಟ ತಾನಾಗೇ ತೆರೆದುಕೊಳ್ಳುತ್ತದೆ. ಹಿಂದೆ ಟಿಪ್ಪಣಿ, ನಾಲ್ಕು ಸಾಲು, ಸಣ್ಣ ಅಕ್ಷರ: ‘ದೀಪಸ್ತಂಭದ ಕಾವಲುಗಾರರು ಮಕ್ಕಳನ್ನು ಓದಲು ದಡದ ಶಾಲೆಗೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಭೇಟಿ ಇರುತ್ತಿರಲಿಲ್ಲ.’

ಪ್ರೇಮಿಯಲ್ಲ. ವಿರಹ ಹೌದು. ಅಪ್ಪ.

ದಡದಲ್ಲಿ ಓದುತ್ತಾ ಕೂತವಳು ಪುಟ ತಿರುಗಿಸಬೇಕು. ಅಷ್ಟೇ ಅವನು ಕೇಳುವುದು.

ಕೊನೆಯ ಪುಟಕ್ಕೆ ಅಂಟಿಸಿರುವ ವಾಪಸಾತಿ ಚೀಟಿ ನೋಡಿದೆ. ಎಂಟು ವರ್ಷದ ಹಿಂದೆ, ನಾನು ಹಾಸ್ಟೆಲಿಗೆ ಹೋದ ಜೂನ್ ತಿಂಗಳು. ಒಂದೇ ಕಾರ್ಡ್ ನಂಬರ್, ಅಪ್ಪನದು. ಹದಿನೈದು ದಿನಕ್ಕೊಮ್ಮೆ ಮುದ್ರೆ, ನಾಲ್ಕು ಸಲ. ಎರಡು ತಿಂಗಳು ಇಟ್ಟುಕೊಂಡಿದ್ದಾನೆ. ನಾಲ್ಕು ಸಾಲಿಗೆ ಎರಡು ತಿಂಗಳು ಬೇಕಾಯಿತೇ ಎಂದೆ.

“ನಾಲ್ಕು ಸಾಲು ಎರಡ್ ವಾರಕ್ಕಾಯ್ತು. ಐದು ನಿಮಿಷಕ್ಕೆ ಕೂರಿಸೋಕೆ ಉಳಿದದ್ದು. ಇಲ್ಲೇ, ಈ ಮೇಜಿನ ಮೇಲೆ. ನಾನು ವಾಚು ಹಿಡ್ಕೊಂಡು ನಿಂತಿರ್ತಿದ್ದೆ, ಇವನು ಮೆಲ್ಲಗೆ ಹಾಡ್ತಿದ್ದ. ಪೇಪರ್ ಓದೋಕೆ ಬರೋ ಮುದುಕರು ಒಬ್ರೂ ಶ್ಶ್ ಅನ್ಲಿಲ್ಲ.”

ಚೀಟಿಯ ಫೋಟೋ ತೆಗೆದುಕೊಂಡೆ. ಮೇಜಿನದೂ.

ಅದೇ ದಿನ. ಮಧ್ಯಾಹ್ನ, ಬಸ್‌ಸ್ಟ್ಯಾಂಡ್

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಅಪ್ಪ ಹತ್ತಿಸಲು ಬಂದು, ಪ್ರೋಗ್ರಾಂಗೆ ತಡವಾಯಿತೆಂದು ಹೊರಟ. ಹೋಗುವ ಮೊದಲು ಒಂದು ಕವರ್ ಕೊಟ್ಟ. ಮೇಡಂಗೆ ಕೊಡಬೇಕಂತೆ. ಅಂಟಿಸಿಲ್ಲ. ನೀನು ಓದಬೇಡ ಎನ್ನಲಿಲ್ಲ, ಓದು ಎಂದೂ ಎನ್ನಲಿಲ್ಲ. ಇಲಾಖೆಯ ಬಿಳಿ ಹಾಳೆ. ಹಾಗೇ ಇಳಿಸಿಕೊಳ್ಳುತ್ತೇನೆ —

‘ಮಾನ್ಯರೇ,
ವಿಷಯ: ಮೂರನೇ ಚರಣದ ಬಗ್ಗೆ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಚರಣವು ನನ್ನದಾಗಿರುತ್ತದೆ. ಇದರಲ್ಲಿ ನನ್ನ ಮಗಳ ತಪ್ಪು ಏನೂ ಇರುವುದಿಲ್ಲ. ಅವಳಿಗೆ ಹಾಡಿನಲ್ಲಿ ಮೂರು ಚರಣ ಇದೆ ಎಂದು ನಂಬಿಸಿದವನು ನಾನು. ಮೂಲ ಕವಿಗಳಿಗೂ, ಅನುವಾದಕರಿಗೂ, ಹಾಡು ಬರೆದವರಿಗೂ ಹೇಳದೆ ಬಳಸಿಕೊಂಡಿದ್ದೇನೆ, ಕ್ಷಮೆ ಇರಲಿ. ನಾನು ಓದಿದವನಲ್ಲ. ಮನೆಮನೆಯ ಮೀಟರ್ ಓದುತ್ತೇನೆ, ಅಷ್ಟೇ. ಅವಳಿಗೆ ಬರಬೇಕಾದ ಮಾರ್ಕನ್ನು ದಯಮಾಡಿ ಕೊಡಿ. ನನ್ನ ಹೆಸರು ಕ್ಲಾಸಿನಲ್ಲಿ ಹೇಳುವ ಅಗತ್ಯ ಇಲ್ಲ. ಅವಳಿಗೆ ಮುಜುಗರ ಆಗಬಹುದು.’

ಕೊನೆಯ ಸಾಲು. ಹೇಗೆ ಗೊತ್ತಾಯಿತು? ನಾನು ಯಾವತ್ತೂ ಹೇಳಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿಯುವುದು ಆ ಕಡೆಯವರಿಗೂ ಕೇಳಿಸುತ್ತದೆಯೇ?

ಬಸ್ ಬಂತು.

ಸೆಪ್ಟೆಂಬರ್ ೧೦, ಬುಧವಾರ

ಹದಿನಾಲ್ಕು ಪುಟ ಹರಿದು ಹಾಕಿದೆ. ಈಗ ನಾಲ್ಕು ಪುಟ. ‘ರೂಪಾಂತರ ಹೊಂದುವ ಪ್ರಕ್ರಿಯೆ’ ಹೋಯಿತು, ಸ್ವಲ್ಪ ಸಂಕಟವಾಯಿತು.

ಇಂಚುಪಟ್ಟಿಯ ಮುಂದೆ ರಿಹರ್ಸಲ್. ಅಪ್ಪ ಆರ್ಕೆಸ್ಟ್ರಾ ಸಿಂಗರ್ ಎಂಬ ಸಾಲು ಬಂದಾಗ ನಿಂತುಬಿಟ್ಟೆ. ಅವಳು ಕಾದಳು. ಕಾಯುವುದು ಅವಳಿಗೆ ಬರುತ್ತದೆ, ಸಿಮೆಂಟು ಒಣಗುವುದನ್ನು ನೋಡುವವಳು. ಆಮೇಲೆ, ಭಾನುವಾರ ಭಾನುವಾರ ಹಾಡುತ್ತಿದ್ದದ್ದು ಅವರೇನಾ ಎಂದಳು. ಅವಳಿಗೆ ಎಲ್ಲ ಕೇಳಿಸುತ್ತಿತ್ತಂತೆ. ಕಿಟಕಿ ಅವಳ ಕಡೆ ಇದ್ದರೂ, ಐದು ಗಂಟೆಗೆ ಬಟ್ಟೆ ಮಡಚುವ ನೆಪದಲ್ಲಿ ಗೆರೆ ದಾಟಿ ನನ್ನ ಕಡೆಗೇ ಬಂದು ಕೂರುತ್ತಿದ್ದಳಂತೆ. ಮೂರು ವಾರ ಹಾಡು ಬರಲಿಲ್ಲ, ಏನೋ ಜಗಳ ಎಂದುಕೊಂಡಳಂತೆ.

ನಾನು ಯಾರಿಂದ ಮುಚ್ಚಿಡುತ್ತಿದ್ದೆ?

ಸೆಪ್ಟೆಂಬರ್ ೧೨, ಶುಕ್ರವಾರ

ಮುಗಿಯಿತು. ಆರಾಮಾಗಿ ಬರೆಯುತ್ತೇನೆ, ಚಹಾ ಮುಂದಿದೆ.

ಮೊದಲೇ ಹೇಳಿಬಿಟ್ಟೆ, ತಡ ಮಾಡಿದರೆ ಧೈರ್ಯ ಆರುತ್ತದೆಂದು. ನಮ್ಮ ತಂದೆ ಸ್ಟುಡಿಯೋದಲ್ಲಿ ಇಲ್ಲ. ಮೀಟರ್ ರೀಡರ್. ವಾರದ ಕೊನೆಗೆ ಆರ್ಕೆಸ್ಟ್ರಾದಲ್ಲಿ ನೀಲಿ ಕೋಟು ಹಾಕಿಕೊಂಡು ಹಾಡುತ್ತಾರೆ. ಯಾರೋ ಒಬ್ಬರು ನಕ್ಕರು, ಕೆಟ್ಟ ನಗುವಲ್ಲ, ಕೋಟಿಗೆ ನಕ್ಕದ್ದು. ನಾನೂ ನಕ್ಕೆ. ಅದು ನಗುವಂಥ ಕೋಟೇ.

ಆಮೇಲೆ ದಾರಿ. ಕಡಲ ದೇಶದ ಕವಿ. ಅಲ್ಲಿಂದ ಅನುವಾದಕರು. ಅಲ್ಲಿಂದ ಲೈಬ್ರರಿ ಕೌಂಟರಿನ ಅತ್ತೆ. ಅಲ್ಲಿಂದ ಅಪ್ಪ. ಪರದೇಶದ ಡ್ಯಾನ್ಸ್ ಟ್ಯೂನು ಇನ್ನೊಂದು ದಿಕ್ಕಿನಿಂದ ಬಂದು ಅದೇ ಮೇಜಿಗೆ ಸೇರಿತು. ಅಲ್ಲಿಂದ ವಾರ್ಡನ್ ಆಂಟಿಯ ಫೋನು. ಚೀಟಿಯ ಫೋಟೋ ಪರದೆಯ ಮೇಲೆ ಹಾಕಿದೆ, ನಾಲ್ಕು ಮುದ್ರೆ. ಅಪ್ಪನ ಪತ್ರ ಓದಿದೆ. ಕೊನೆಯ ಎರಡು ಸಾಲು ಬಿಡೋಣ ಎಂದುಕೊಂಡಿದ್ದೆ. ಓದಿದೆ.

ಹನ್ನೆರಡು ಏಳಾದದ್ದು ಯಾಕೆ ಎಂಬುದಕ್ಕೆ ಈ ಸಲ ಒಂದೇ ವಾಕ್ಯ. ಅಪ್ಪ ಹೇಳಿದ್ದು.

ಹೆಡ್‌ಫೋನ್ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಮೊದಲ ಸಲ ಅವನ ಕುತ್ತಿಗೆ ನೋಡಿದ್ದು. “ಹಾಡ್ತೀಯಾ ಅದನ್ನ?” ಎಂದ.

ನನಗೆ ಹಾಡಲು ಬರುವುದಿಲ್ಲ. ಹಾಡಿದೆ. ಶ್ರುತಿ ಎಲ್ಲೋ, ನಾನೆಲ್ಲೋ. ‘ನಾನು’ ಎಂಬಲ್ಲಿ ಅಭ್ಯಾಸ ಬಲದಿಂದ ನಿಲ್ಲಿಸಿ, ಯಾರಾದರೂ ಟೈಮ್ ಎನ್ನುತ್ತಾರೆಂದು ಕಾದೆ. ಯಾರೂ ಎನ್ನಲಿಲ್ಲ. ಎಷ್ಟು ಬೇಕಾದರೂ ಟೈಮ್ ಇತ್ತು.

ಮಾರ್ಕು ಮೂವತ್ತೊಂದು. ತಡವಾಗಿ ಕೊಟ್ಟದ್ದಕ್ಕೆ ಆರು ಕಟ್, ಟಿಪ್ಪಣಿ ಓದದೆ ಪ್ರೇಮಿ ಎಂದು ಕರೆದದ್ದಕ್ಕೆ ಮೂರು ಕಟ್. ಮೇಡಂ ಎಂದರೆ ಮೇಡಮ್ಮೇ. ಆದರೆ ಹೊರಡುವಾಗ ಕರೆದು ಒಂದು ಕವರ್ ಕೊಟ್ಟರು, ಅಪ್ಪನಿಗೆ. ಅಂಟಿಸಿಲ್ಲ. ಇವರೂ ಓದಬೇಡ ಎನ್ನಲಿಲ್ಲ.

‘ಮಾನ್ಯರೇ,
ವಿಷಯ: ಮೂರನೇ ಚರಣದ ಬಗ್ಗೆ.
ತಮ್ಮ ಪತ್ರ ತಲುಪಿದೆ. ಸದರಿ ಚರಣವನ್ನು ಪರಿಶೀಲಿಸಲಾಯಿತು. ಹನ್ನೆರಡರ ಬದಲು ಏಳು ಎಂದು ತಿದ್ದಿರುವುದು ಸರಿಯಾಗಿದೆ. ಮುಂದಿನ ವರ್ಷದ ಪಾಠಕ್ಕೆ ಇದನ್ನು ಬಳಸಿಕೊಳ್ಳಲು ಅನುಮತಿ ಕೋರಿದೆ. ತಮ್ಮ ಹೆಸರನ್ನು ಕ್ಲಾಸಿನಲ್ಲಿ ಹೇಳಲಾಗಿದೆ. ಹೇಳಿದವರು ತಮ್ಮ ಮಗಳು.’

ಸೆಪ್ಟೆಂಬರ್ ೧೪, ಭಾನುವಾರ. ಸಂಜೆ ೪.೫೫

ಇವತ್ತು ಬಕೆಟ್ ಮರೆಯಲಿಲ್ಲ. ದಾಖಲೆಗೆ ಇರಲಿ.

ಮೇಡಂ ಪತ್ರ ಮಡಿಲಲ್ಲಿದೆ, ಫೋನಿನಲ್ಲಿ ಓದಿ ಹೇಳಬೇಕು. ನಿನ್ನೆಯೇ ಹೇಳಬಹುದಿತ್ತು. ನಿನ್ನೆ ಶನಿವಾರ. ತಡೆದುಕೊಂಡೆ. ಭಾನುವಾರಕ್ಕೇ ಸರಿ.

ಇಂಚುಪಟ್ಟಿ ಬಟ್ಟೆ ಮಡಚುತ್ತಿಲ್ಲ. ನೇರವಾಗಿ ಬಂದು ನನ್ನ ಮಂಚದ ಮೇಲೆ ಕೂತಿದ್ದಾಳೆ, ಸ್ಪೀಕರ್ ಹಾಕು ಎಂದು ಆರ್ಡರ್. ಹಾಕುತ್ತೇನೆ. ಮೂರನೇ ಚರಣ ಇವತ್ತು ಅಪ್ಪ ಹಾಡುವಂತಿಲ್ಲ. ನಾನು ಹಾಡುತ್ತೇನೆ, ಅವನು ಕೇಳಲಿ. ಎಂಟು ವರ್ಷದಲ್ಲಿ ಅವನಿಗೆ ಅದನ್ನು ಯಾರೂ ಹಾಡಿ ಕೇಳಿಸಿಲ್ಲ ಎಂದು ಮೊನ್ನೆಯೇ ಹೊಳೆದದ್ದು. ಕಾವಲುಗಾರನ ಕಡೆಗೆ ಬೆಳಕು ತಿರುಗುವುದೇ ಇಲ್ಲವಲ್ಲ.

ಐದು ಗಂಟೆ. ಫೋನ್ ರಿಂಗ್ ಆಗುವವರೆಗೆ ಎಣಿಸುತ್ತಿದ್ದೇನೆ.

ಒಂದು. ಎರಡು. ಇಂಚುಪಟ್ಟಿಯೂ ಎಣಿಸುತ್ತಿದ್ದಾಳೆ, ಬೆರಳಲ್ಲಿ. ಮೂರು. ನಾಲ್ಕು. ಐದು.

ಆ—